ಎಂಬತ್ತೊಂದನೆಯ ಖಾನೆ

ಮದುವೆಗೆ ಐದು ವಾರ ಇರುವಾಗ ನನ್ನ ತಮ್ಮನ ಮಗಳು ಬೆಗಾಯಿಮ್ ನನ್ನ ಅಡುಗೆಮನೆಗೆ ನುಗ್ಗಿ, ಮೇಲಂಗಿಯನ್ನೂ ಬಿಚ್ಚದೆ, "ಬುರುಲ್ ಏಜೆ, ನನ್ನ ಸೆಪ್ ಜೊತೆ ಒಂದು ಬಿಡಿಭಾಗದ ಪೆಟ್ಟಿಗೇನೂ ಹೋಗ್ಬೇಕು" ಎಂದಳು.

ನಮ್ಮಲ್ಲಿ ಏಜೆ ಎಂದರೆ ಅಕ್ಕ, ಹಿರಿಯ ಹೆಂಗಸರಿಗೆಲ್ಲ ಅದೇ ಕರೆ; ಸೆಪ್ ಎಂದರೆ ಹೆಣ್ಣು ತವರಿನಿಂದ ಒಯ್ಯುವ ಸಾಮಾನು. ರಜಾಯಿ, ದಿಂಬು, ಪಾತ್ರೆ, ನೆಲಹಾಸು, ಎಲ್ಲವನ್ನೂ ಕೋಣೆಯಲ್ಲಿ ಹರಡಿ ಬೀಗರ ಕಡೆಯ ಹೆಂಗಸರಿಗೆ ತೋರಿಸಬೇಕು. ಅವರು ನೋಡಿ ಒಪ್ಪಿದರೆ ಅದು ಹುಡುಗಿಯ ಸ್ವಂತದ್ದು. ಅತ್ತೆಯೂ ಮುಟ್ಟುವ ಹಾಗಿಲ್ಲ, ಗಂಡನೂ ಮುಟ್ಟುವ ಹಾಗಿಲ್ಲ. ಆದರೆ ತೋರಿಸದೆ ಕೈಚೀಲದಲ್ಲಿ ಹಾಕಿಕೊಂಡು ಹೋದದ್ದಕ್ಕೆ ಈ ಕಾವಲಿಲ್ಲ.

ಅದು ನನಗೆ ಗೊತ್ತಿರುವಷ್ಟು ಬಿಷ್ಕೆಕ್‌ನಲ್ಲಿ ಇನ್ನಾರಿಗೂ ಗೊತ್ತಿರಲಿಕ್ಕಿಲ್ಲ. ನಾನು ಮದುವೆಯಾಗಿ ಹೋದಾಗ ನನ್ನ ಸೋಲ್ಡರಿಂಗ್ ಐರನ್, ಒಂದು ತಗಡಿನ ಡಬ್ಬಿಯ ತುಂಬ ಕೂಡಿಟ್ಟ ರೇಡಿಯೊ ಬಿಡಿಭಾಗಗಳು ಕೈಚೀಲದಲ್ಲಿದ್ದವು. ಸೆಪ್‌ನಲ್ಲಿ ಇಡಲು ನಾಚಿಕೆಯಾಗಿತ್ತು. ಮೂರನೆಯ ವಾರ ನಮ್ಮತ್ತೆ ಐರನ್ನನ್ನು ತನ್ನ ಅಣ್ಣನ ಮಗನಿಗೆ ಕೊಟ್ಟಳು, ಡಬ್ಬಿಯಲ್ಲಿದ್ದದ್ದನ್ನು ಒಲೆಯ ಬೂದಿಯ ಜೊತೆ ಅಂಗಳದಾಚೆ ಸುರಿದಳು. ಡಬ್ಬಿಯನ್ನು ತೊಳೆದು ಉಪ್ಪು ತುಂಬಿದಳು. ನಾಲ್ಕು ವರ್ಷ ಆ ಡಬ್ಬಿಯಿಂದಲೇ ಉಪ್ಪು ತೆಗೆದು ಸಾರಿಗೆ ಹಾಕಿದೆ. ಆಮೇಲೆ ಆ ಮನೆ ಬಿಟ್ಟು ಬಂದೆ. ಮೂವತ್ತೈದು ವರ್ಷವಾಗಿದೆ, ಈಗಲೂ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ಹಾಗಾಗಿ ಬೆಗಾಯಿಮ್ ಕೇಳಿದ್ದೇ ತಡ, ಕೈಯಲ್ಲಿದ್ದ ಹಿಟ್ಟು ಒರೆಸಿಕೊಂಡು ಪೆನ್ಸಿಲ್ ಹುಡುಕಿದೆ.

"ಕೂತ್ಕೋ. ಅಲ್ಲಿ ನಿನ್ನ ಗಂಡನ ಊರಲ್ಲಿ, ಕೊಚ್ಕೋರ್‌ನಲ್ಲಿ, ಬಿಡಿಭಾಗದ ಅಂಗಡಿ ಇದ್ಯಾ?"

"ಕೊಚ್ಕೋರ್‌ನಲ್ಲಿ ಕುರಿ ಇದೆ ಏಜೆ. ಹುಲ್ಲಿದೆ. ಎರ್ಮೆಕ್ ಇದ್ದಾನೆ. ಅಷ್ಟೇ."

"ಅವನನ್ನ ಕುರಿ, ಹುಲ್ಲು ಆದ್ಮೇಲೆ ಹೇಳ್ತೀಯಲ್ಲ, ಪಾಪ. ಹಾಗಾದ್ರೆ ನೀನು ಒಯ್ದಿದ್ದೇ ನಿಂಗೆ ಗತಿ. ಒಂದು ತುಂಡು ಕಡಿಮೆ ಆದ್ರೂ ಮೂರೂವರೆ ಗಂಟೆ ಬಸ್ಸಲ್ಲಿ ಕೂತು ಇಲ್ಲಿಗೆ ಬರ್ಬೇಕು. ಹೊಸ ಸೊಸೇನ ಯಾರು ಕಳಿಸ್ತಾರೆ?"

"ಅದಕ್ಕೇ ಬಂದಿರೋದು ನಿನ್ನ ಹತ್ರ" ಎಂದಳು. ಅವಳ ಕಣ್ಣುಗಳು ಹೊಳೆಯುತ್ತಿದ್ದವು. ಹತ್ತು ವರ್ಷದವಳಿದ್ದಾಗ ಇದೇ ಮೇಜಿನ ಮೇಲೆ ಮೊದಲ ಬಾರಿ ತಾನೇ ಕಟ್ಟಿದ ರೇಡಿಯೊ ಕರಕರ ಎಂದಾಗಲೂ ಹೀಗೇ ಹೊಳೆದಿದ್ದವು. ಈಗ ಅವಳಿಗೆ ಇಪ್ಪತ್ಮೂರು, ಓಶ್ ಬಜಾರಿನ ರಿಪೇರಿ ಅಂಗಡಿಯಲ್ಲಿ ಟೇಪ್ ರೆಕಾರ್ಡರ್ ಬಿಚ್ಚುತ್ತಿದ್ದ ಗಂಡಸರೆಲ್ಲ ತಮಗೆ ತಿಳಿಯದ್ದನ್ನು ಅವಳ ಮುಂದೆ ತಂದಿಡುತ್ತಿದ್ದರು.

ನಾನು ಇಪ್ಪತ್ತಾರು ವರ್ಷ ರೇಡಿಯೊ ಕಾರ್ಖಾನೆಯ ಉಗ್ರಾಣ ನೋಡಿಕೊಂಡವಳು. ಸೋವಿಯತ್ ಒಕ್ಕೂಟ ಹೋಯಿತು, ಕಾರ್ಖಾನೆ ಹೋಯಿತು, ಆದರೆ ಯಾವ ವಸ್ತು ಎಲ್ಲಿರಬೇಕು ಎಂಬ ಹುಚ್ಚು ಮಾತ್ರ ನನ್ನನ್ನು ಬಿಟ್ಟು ಹೋಗಲಿಲ್ಲ. ಕಾಗದದ ಮೇಲೆ ಚೌಕ ಎಳೆದೆ.

"ಪೆಟ್ಟಿಗೆ ಬೆಂಕಿಪೊಟ್ಟಣದ್ದು. ಒಂದರ ಮೇಲೊಂದು ಅಂಟಿಸಿದ್ರೆ ಒಂದೊಂದೂ ಒಂದೊಂದು ಖಾನೆ. ಅಡ್ಡ ಒಂಬತ್ತು, ಉದ್ದ ಒಂಬತ್ತು. ಎಂಬತ್ತೊಂದು."

"ಒಂಬತ್ತೇ ಯಾಕೆ?"

"ಯಾಕೆ ಅಂತೀಯಲ್ಲ. ಸೆಪ್‌ನಲ್ಲಿ ಎಲ್ಲಾ ಒಂಬತ್ತೊಂಬತ್ತೇ ಇರ್ಬೇಕು. ಒಂಬತ್ತು ರಜಾಯಿ, ಒಂಬತ್ತು ದಿಂಬು, ಒಂಬತ್ತು ಬಟ್ಟಲು. ಎಂಟಿದ್ರೆ ನಿಮ್ಮಮ್ಮ ಮೂರ್ಛೆ ಹೋಗ್ತಾಳೆ."

ಬೆಗಾಯಿಮ್ ತಲೆ ಹಿಡಿದುಕೊಂಡಳು. "ರೆಸಿಸ್ಟರ್‌ನ ಅಳತೆಗೆ ಹನ್ನೆರಡು ಮೆಟ್ಟಿಲು ಏಜೆ. ಹತ್ತು, ಹನ್ನೆರಡು, ಹದಿನೈದು, ಹದಿನೆಂಟು ಅಂತ ಎಂಬತ್ತೆರಡರ ತನಕ. ಹನ್ನೆರಡನ್ನ ಒಂಬತ್ತರಲ್ಲಿ ಹೇಗೆ ತುಂಬೋದು? ಮೂರನ್ನ ತವರಲ್ಲೇ ಬಿಟ್ಟು ಹೋಗ್ಲಾ?"

ಕೆಟಲ್ ಕುದಿಯುತ್ತಿತ್ತು. ಅವಳು ಪೆನ್ಸಿಲ್ ಕಿತ್ತುಕೊಂಡು ಏನೋ ಗೀಚಿದಳು, ಅಳಿಸಿದಳು, ಮತ್ತೆ ಗೀಚಿದಳು, ಆಮೇಲೆ ಕುರ್ಚಿಯಿಂದ ಎದ್ದೇಬಿಟ್ಟಳು.

"ನೂರರಿಂದ ಶುರುವಾಗೋ ಗುಂಪು ಹನ್ನೆರಡು. ಸಾವಿರದ್ದು ಹನ್ನೆರಡು. ಹತ್ತು ಸಾವಿರದ್ದು ಹನ್ನೆರಡು. ಎಷ್ಟಾಯ್ತು?"

"ಮೂವತ್ತಾರು."

"ಮೂವತ್ತಾರು ಅಂದ್ರೆ ನಾಲ್ಕು ಒಂಬತ್ತು. ಸರಿಯಾಗಿ ನಾಲ್ಕು ಸಾಲು ಏಜೆ, ಒಂದು ಖಾನೆ ಹೆಚ್ಚಿಲ್ಲ, ಕಡಿಮೆ ಇಲ್ಲ."

ಇಪ್ಪತ್ತಾರು ವರ್ಷ ರೆಸಿಸ್ಟರ್ ಎಣಿಸಿದವಳು ನಾನು, ಈ ಲೆಕ್ಕ ನನ್ನ ತಲೆಗೆ ಒಂದು ದಿನವೂ ಹೊಳೆದಿರಲಿಲ್ಲ. ಅವಳನ್ನು ಹಿಡಿದು ಎರಡು ಕೆನ್ನೆಗೂ ಮುತ್ತು ಕೊಟ್ಟೆ. ಆಮೇಲೆ ಉಳಿದ ಐದು ಸಾಲಿಗೆ ಜಗಳ ಶುರುವಾಯಿತು. ಎರಡು ಸಾಲು ಕೆಪಾಸಿಟರಿಗೆ, ಅದಕ್ಕೆ ತಕರಾರಿಲ್ಲ. ಟ್ರಾನ್ಸಿಸ್ಟರ್ ಮತ್ತು ಡಯೋಡಿಗೆ ಒಂದು ಸಾಲು ಸಾಕು ಎಂದೆ, ಅವಳು ಎರಡು ಬೇಕೆಂದಳು. ಫ್ಯೂಸು, ಸ್ವಿಚ್ಚು, ಸ್ಕ್ರೂ, ಪುಟ್ಟ ದೀಪಗಳಿಗೆ ಒಂದೇ ಸಾಲು ಹೇಗೆ ಸಾಕು ಎಂದು ನಾನು ಕೇಳಿದರೆ, "ಸ್ಕ್ರೂ ಎರ್ಮೆಕ್‌ನ ಟ್ರಕ್ಕಿಂದ ಬಿಚ್ಕೋತೀನಿ ಬಿಡು" ಎಂದಳು. ಕೊನೆಗೆ ಅವಳೇ ಗೆದ್ದಳು.

"ಆದ್ರೆ ಎಂಬತ್ತೊಂದನೇದು ಖಾಲಿ ಇರ್ಬೇಕು" ಎಂದೆ.

"ಖಾಲಿ ಯಾಕೆ? ಅದ್ರಲ್ಲಿ ರೇಡಿಯೊ ಹರಳು ಹಾಕ್ತೀನಿ, ಸಣ್ಣ ಕಾಯಿಲ್..."

"ಬೇಡ. ಯಾವ ಉಗ್ರಾಣದಲ್ಲೂ ಒಂದು ಖಾನೆ ಖಾಲಿ ಬಿಡ್ಬೇಕು. ಏನು ಬೇಕಾಗತ್ತೆ ಅಂತ ನಿಂಗೆ ಇವತ್ತು ಗೊತ್ತಿಲ್ಲ. ಗೊತ್ತಾದ ದಿನ ಅದಕ್ಕೆ ಜಾಗ ಇರ್ಬೇಕು."

ಇದನ್ನು ಮಾತ್ರ ಅವಳು ಎದುರಾಡದೆ ಒಪ್ಪಿಕೊಂಡಳು.

ಮರುದಿನವೇ ಬೀದಿಯ ಮನೆಮನೆಗೆ ಹೋದೆ. ಎಲ್ಲರೂ ಒಲೆ ಹಚ್ಚುವವರೇ, ಎಲ್ಲರ ಮನೆಯಲ್ಲೂ ಬೆಂಕಿಪೊಟ್ಟಣ. ಪೊಟ್ಟಣ ನನಗೆ, ಕಡ್ಡಿ ನಿಮಗೆ ಎಂದೆ. ಎರಡು ದಿನದಲ್ಲಿ ಬೀದಿಯ ಹೆಂಗಸರೆಲ್ಲ ಬೆಂಕಿಕಡ್ಡಿಗಳನ್ನು ಜಾಮಿನ ಶೀಶೆಯಲ್ಲಿ ತುಂಬಿಟ್ಟುಕೊಂಡು, ಗೀರಲು ಏನೂ ಇಲ್ಲದೆ ನನಗೆ ಶಾಪ ಹಾಕುತ್ತಿದ್ದರು. ಕೊನೆಗೆ ಹತ್ತು ಪೊಟ್ಟಣದ ಮಗ್ಗುಲು ಕತ್ತರಿಸಿ ಮನೆಗೊಂದರಂತೆ ಹಂಚಿ ಬಂದೆ. ಮೈದಾ ಅಂಟಿನಿಂದ ಅಂಟಿಸಿ, ಮೇಲೆ ಬಿಳಿ ಕಾಗದ ಹೊದಿಸಿ, ಪ್ರತಿ ಖಾನೆಗೂ ಎಳೆಯಲು ಒಂದೊಂದು ಗುಂಡಿ ಹೊಲಿದೆವು. ಗುಂಡಿಗಳೆಲ್ಲ ನನ್ನ ಹಳೆಯ ಕಾರ್ಖಾನೆ ಕೋಟುಗಳವು. ಮುಗಿದ ಮೇಲೆ ನೋಡಿದರೆ ಮಡಿಲಲ್ಲಿಟ್ಟುಕೊಳ್ಳುವಷ್ಟು ದೊಡ್ಡದಾದ, ಎಂಬತ್ತೊಂದು ಗುಂಡಿಗಳ ಪೆಟ್ಟಿಗೆ. ಬೆಗಾಯಿಮ್ ಅದರ ಖಾಲಿ ಖಾನೆಗಳನ್ನು ಸುಮ್ಮಸುಮ್ಮನೆ ಎಳೆದು ಮುಚ್ಚಿ ಎಳೆದು ಮುಚ್ಚಿ ಮಾಡುತ್ತ ಕೂತಳು. ನನಗೂ ಕೈ ತಡೆಯಲಿಲ್ಲ.

ತುಂಬುವುದಕ್ಕೆ ಗೆನ್ನಾದಿಯ ಹತ್ತಿರ ಹೋದೆವು. ಓಶ್ ಬಜಾರಿನ ಹಿಂದೆ ಗುಜರಿ ಶೆಡ್ಡು ಇಟ್ಟುಕೊಂಡಿದ್ದ ಮುದುಕ. ಮುಚ್ಚಿದ ಕಾರ್ಖಾನೆಗಳ ಬೋರ್ಡುಗಳನ್ನು ಕಿಲೋ ಲೆಕ್ಕದಲ್ಲಿ ತಂದು, ಚಿನ್ನದ ಲೇಪ ಇರುವ ತುಂಡುಗಳನ್ನು ಕಿತ್ತು ಮಾರುತ್ತಿದ್ದ. ಉಳಿದದ್ದು ಅವನಿಗೆ ಕಸ, ನಮಗೆ ಅದೇ ಬೇಕಾದದ್ದು.

"ಬುರುಲ್, ನಿಂಗೆ ವಯಸ್ಸಾಯ್ತು, ಇನ್ನೂ ಕಸ ಆರಿಸ್ತೀಯಲ್ಲ" ಎಂದ.

"ನೀನು ಕಿತ್ತು ಎಸೀತಿರೋ ಆ ರಾಶೀಲಿ ಚಿನ್ನದ ಕಾಲಿನ ಟ್ರಾನ್ಸಿಸ್ಟರ್ ಮೂರು ಕಾಣ್ತಿದೆ ನಂಗೆ. ಕಣ್ಣು ಯಾರದ್ದು ಹೋಗಿದೆ?"

ಅವನು ಬಗ್ಗಿ ನೋಡಿದ. ಇದ್ದದ್ದೇ. ಅಲ್ಲಿಂದ ನಮ್ಮ ಒಪ್ಪಂದ: ನಾನು ಅವನ ರಾಶಿಯಿಂದ ಚಿನ್ನದವನ್ನು ಆರಿಸಿಕೊಡುವುದು, ಬೆಗಾಯಿಮ್ ತನಗೆ ಬೇಕಾದದ್ದನ್ನು ಬಿಚ್ಚಿಕೊಳ್ಳುವುದು. ಅವಳು ಐರನ್ ಕಾಯಿಸಿ ಬೋರ್ಡಿನ ಹಿಂದೆ ತಾಗಿಸಿ, ಸೀಸ ಕರಗಿದ್ದೇ ಚಿಮಟದಿಂದ ಎಳೆಯುತ್ತಿದ್ದಳು. ಟಪಕ್, ಟಪಕ್ ಎಂದು ತಟ್ಟೆಗೆ ಬೀಳುತ್ತಿದ್ದವು. ಒಂದು ವಾರ ಹೀಗೆ ನಡೆಯಿತು. ಅವಳ ಬೆರಳ ತುದಿಗಳೆಲ್ಲ ಸುಟ್ಟಿದ್ದವು. ಅವಳ ಅಮ್ಮ, ಎಂದರೆ ನನ್ನ ತಮ್ಮನ ಹೆಂಡತಿ ರಾಕಿಯಾ, "ಮದುವೆ ಹೆಣ್ಣಿನ ಕೈಯಾ ಇದು, ಕಮ್ಮಾರನ ಕೈಯಾ?" ಎಂದು ಬೈದಳು.

ಆದರೂ ಹತ್ತು ಸಾವಿರ ಓಮಿನ ಖಾನೆ ತುಂಬಿರಲಿಲ್ಲ. ಎಲ್ಲಕ್ಕಿಂತ ಹೆಚ್ಚು ಬೇಕಾಗುವುದು ಅದೇ. ಸಿಕ್ಕಿದ್ದು ಐದೇ ಐದು. ಏಳನೆಯ ದಿನ ಬೆಗಾಯಿಮ್ ಬಾಗಿಲಿಗೆ ಒತ್ತಾಸೆ ಇಟ್ಟಿದ್ದ ರಟ್ಟಿನ ಡಬ್ಬವನ್ನು ಕಾಲಿನಿಂದ ಸರಿಸಲು ಹೋದಳು, ಅದು ಅಲುಗಲಿಲ್ಲ. ಮುಚ್ಚಳ ತೆಗೆದರೆ ಒಳಗೆ ಕಂದು ಕಾಗದದ ಪೊಟ್ಟಣಗಳು, ಬಿಚ್ಚದೇ ಇದ್ದವು, ದಾರ ಕಟ್ಟಿದ್ದು ಕಟ್ಟಿದ ಹಾಗೇ.

"ಏಜೆ, ಇಲ್ಲಿ ಬಾ. ಬೇಗ ಬಾ."

ಪೊಟ್ಟಣದ ಮೇಲೆ ನೇರಳೆ ಮಸಿಯಲ್ಲಿ ನನ್ನದೇ ಸಹಿ. ಹದಿನೇಳು ವರ್ಷದ ಹಿಂದಿನ ತಾರೀಕು, ನನ್ನ ಉಗ್ರಾಣದ ಮೊಹರು, ಹತ್ತು ಸಾವಿರ ಓಮ್, ನೂರು ತುಂಡು. ನಾನೇ ಎಣಿಸಿ ನಾನೇ ಗಂಟು ಹಾಕಿದ್ದು. ಅಷ್ಟು ವರ್ಷ ಎಲ್ಲೆಲ್ಲಿ ಅಲೆದು ಬಂದು ಗೆನ್ನಾದಿಯ ಬಾಗಿಲಿಗೆ ಒತ್ತಾಸೆಯಾಗಿ ಕೂತಿತ್ತೋ. ನಾನು ದಾರದ ಆ ಗಂಟನ್ನೇ ಹಿಡಿದು ನಿಂತೆ. ಬೆಗಾಯಿಮ್ ಮಾತ್ರ ನನ್ನ ಸೊಂಟ ಹಿಡಿದು ಶೆಡ್ಡಿನ ನಡುವೆ ಎರಡು ಸುತ್ತು ತಿರುಗಿಸಿಬಿಟ್ಟಳು.

"ಅದ್ರಲ್ಲಿ ಚಿನ್ನ ಇಲ್ಲ, ಒಯ್ಕೊಳ್ಳಿ" ಎಂದ ಗೆನ್ನಾದಿ, "ಆದ್ರೆ ಬಾಗಿಲಿಗೆ ಒಂದು ಕಲ್ಲು ತಂದಿಟ್ಟು ಹೋಗಿ."

ಮುಂದಿನ ಎರಡು ವಾರ ನನ್ನ ಅಡುಗೆಮನೆಯಲ್ಲಿ ಅಡುಗೆ ಆಗಲಿಲ್ಲ. ರೊಟ್ಟಿ, ಕೆನೆ, ಚಹಾ, ಇಷ್ಟೇ. ಒಂದೊಂದು ತುಂಡನ್ನೂ ಮೀಟರಿಗೆ ಹಿಡಿದು, ಸತ್ತದ್ದನ್ನು ಎಸೆದು, ಬದುಕಿದ್ದನ್ನು ಅದರದರ ಖಾನೆಗೆ ಹಾಕಿದೆವು. ಆ ಕೆಂಪು ರೆಸಿಸ್ಟರುಗಳೆಲ್ಲ ಹೊರಗಿನಿಂದ ಒಂದೇ, ಮೈಮೇಲೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಎಷ್ಟು ಓಮ್ ಎಂಬ ಬೆಲೆ ಬರೆದಿರುತ್ತದೆ. ಹೆಚ್ಚು ಬಳಕೆಯಾಗುವುದು ನಲವತ್ತು, ಅಪರೂಪಕ್ಕೆ ಬೇಕಾಗುವುದು ನಾಲ್ಕು. ಪ್ರತಿ ಖಾನೆಯ ಮೇಲೂ ಚೀಟಿ. ಕಣ್ಣು ಮುಚ್ಚಿಕೊಂಡು ಕೈ ಹಾಕಿದರೂ ಬೇಕಾದದ್ದೇ ಸಿಗಬೇಕು, ಹಾಗೆ. ಬೆಗಾಯಿಮ್ ನಿಜವಾಗಿಯೂ ಕಣ್ಣು ಮುಚ್ಚಿಕೊಂಡು ಪರೀಕ್ಷೆ ಕೊಟ್ಟಳು. ನಾನು ಹೆಸರು ಹೇಳಿದ ಹಾಗೆ ಅವಳ ಬೆರಳು ಗುಂಡಿ ಹಿಡಿಯುತ್ತಿತ್ತು. ಇಪ್ಪತ್ತಕ್ಕೆ ಇಪ್ಪತ್ತೂ ಸರಿ.

ತಾಪತ್ರಯ ಬಂದದ್ದು ಕೊಚ್ಕೋರ್‌ನಿಂದ. ಎರ್ಮೆಕ್‌ನ ತಾಯಿ ಕಾಲಿಚಾ ಹೇಳಿ ಕಳಿಸಿದ್ದಳು: ಹುಡುಗಿ ಬಜಾರಿನ ಗುಜರಿಯನ್ನು ನಮ್ಮ ಮನೆಗೆ ಹೊತ್ತು ತರುವುದು ಬೇಡ.

ರಾಕಿಯಾ ಅಳುತ್ತ ನನ್ನ ಮನೆಗೆ ಬಂದಳು. "ನಿಮ್ಮಿಂದಾನೇ ಇಷ್ಟೆಲ್ಲ. ಆ ಹೆಂಗಸು ಎಂಥವಳು ಅಂತ ಗೊತ್ತಾ? ದೊಡ್ಡ ಸೊಸೆ ಸೆಪ್‌ನಲ್ಲಿ ಒಂದು ದಿಂಬು ಕಮ್ಮಿ ಇತ್ತು ಅಂತ ಸಾಮಾನು ತಂದ ಕಾರನ್ನೇ ವಾಪಸ್ ಕಳಿಸಿದ್ದಳಂತೆ."

"ಇದು ಗುಜರಿ ಅಲ್ಲ ರಾಕಿಯಾ. ನೋಡು ಬಾ, ಒಂಬತ್ತು ಸಾಲು, ಒಂಬತ್ತು ಖಾನೆ."

ಅವಳು ಮೂಗು ಒರೆಸಿಕೊಳ್ಳುತ್ತ ನೋಡಿದಳು. ಗುಂಡಿಗಳನ್ನು ಎಣಿಸಿದಳು. ಸ್ವಲ್ಪ ಮೆತ್ತಗಾದಳು. "ನೋಡೋಕೆ ಅಚ್ಚುಕಟ್ಟಾಗೇ ಇದೆ. ಇಡ್ತೀನಿ. ಆದ್ರೆ ಕಾಲಿಚಾ ಬೇಡ ಅಂದ್ರೆ ಮಾತಿಲ್ಲ, ಕಥೆಯಿಲ್ಲ, ಇಲ್ಲೇ ಉಳಿಯುತ್ತೆ. ಕೈಚೀಲದಲ್ಲಿ ಕದ್ದು ಒಯ್ಯೋ ಹಾಗಿಲ್ಲ. ನನ್ನ ಮೇಲಾಣೆ."

ಬೆಗಾಯಿಮ್ ಆಣೆ ಮಾಡಿದಳು. ಇನ್ನು ಎಲ್ಲ ಬೀಗರು ಸೆಪ್ ನೋಡಲು ಬರುವ ಆ ಒಂದು ದಿನದ ಮೇಲೆ ನಿಂತಿತ್ತು.

ಆ ದಿನ ಬೆಳಿಗ್ಗೆ ಬೇಗ ತಮ್ಮನ ಮನೆಗೆ ಹೋದೆ. ಹಿಂದಿನ ದಿನ ರಾಕಿಯಾಳ ಇಬ್ಬರು ಅತ್ತಿಗೆಯರು ಬಂದು ಎಲ್ಲ ಜೋಡಿಸಿಟ್ಟಿದ್ದರು. ಗೋಡೆಯುದ್ದಕ್ಕೂ ರಜಾಯಿಗಳ ಅಟ್ಟಿ, ಬಟ್ಟಲು, ಸಮೋವಾರ್. ನಡುವೆ ಕಸೂತಿಯ ಬಿಳಿಬಟ್ಟೆಯ ಮೇಲೆ ನಮ್ಮ ಪೆಟ್ಟಿಗೆ. ಹೆಮ್ಮೆ ತಡೆಯಲಾರದೆ ಹತ್ತು ಸಾವಿರದ ಖಾನೆ ಎಳೆದೆ. ನಲವತ್ತಿರಬೇಕಾದಲ್ಲಿ ಒಂಬತ್ತಿತ್ತು. ಪಕ್ಕದ್ದು ಎಳೆದೆ. ಅಲ್ಲೂ ಒಂಬತ್ತು, ಆದರೆ ಐದು ಅದರದ್ದು, ನಾಲ್ಕು ಬೇರೆಯವು. ಇನ್ನೊಂದು ಎಳೆದೆ, ಮತ್ತೊಂದು ಎಳೆದೆ.

"ಇದಕ್ಕೆ ಯಾರು ಕೈ ಹಾಕಿದ್ದು?"

ದೊಡ್ಡ ಅತ್ತಿಗೆ ಮುಖ ಅರಳಿಸಿಕೊಂಡು ಮುಂದೆ ಬಂದಳು. "ನಾನೇ ಬುರುಲ್ ಏಜೆ. ಸದ್ಯ ನೋಡ್ಕೊಂಡೆ. ಒಂದ್ರಲ್ಲಿ ನಲವತ್ತು, ಒಂದ್ರಲ್ಲಿ ನಾಲ್ಕು, ಹೀಗೆ ತೋರಿಸಿದ್ರೆ ಬೀಗರು ಏನಂದ್ಕೊಳ್ತಾರೆ? ಹೆಚ್ಚಿದ್ದ ಕಡೆಯಿಂದ ತೆಗೆದು ಕಮ್ಮಿ ಇದ್ದ ಕಡೆ ಹಾಕಿ ಎಲ್ಲಾನೂ ಒಂಬತ್ತು ಮಾಡಿದ್ವಿ. ಎಲ್ಲಾ ಕೆಂಪು ಮಣಿನೇ ಅಲ್ವಾ. ಮಿಕ್ಕಿದ್ದು ಈ ಸಕ್ಕರೆ ಚೀಲದಲ್ಲಿದೆ."

"ಮೂರು ವಾರ" ಎಂದೆ.

"ಖಾಲಿ ಬಿಟ್ಟಿದ್ರಲ್ಲ, ಕೊನೇದು, ಅದಕ್ಕೂ ಒಂಬತ್ತು ಒಣದ್ರಾಕ್ಷಿ ಹಾಕಿದೀನಿ" ಎಂದಳು ಚಿಕ್ಕವಳು. "ಖಾಲಿ ಪಾತ್ರೆ ಕಳಿಸಬಾರದು, ನಿಮಗೆ ನೆನಪಿಲ್ವೇನೋ."

ಅವರ ಮುಖ ನೋಡಿದರೆ ಬೈಯಲೂ ಬಾಯಿ ಬರಲಿಲ್ಲ. ಇಬ್ಬರೂ ಒಂದು ಮಧ್ಯಾಹ್ನವಿಡೀ ಕೂತು, ಪ್ರೀತಿಯಿಂದ, ಎಲ್ಲ ಕಲಸಿಟ್ಟಿದ್ದರು. ಅಷ್ಟರಲ್ಲಿ ಹೊರಗೆ ಕಾರಿನ ಹಾರ್ನ್ ಕೇಳಿತು.

ಬೆಗಾಯಿಮ್‌ಳನ್ನು ಮೂಲೆಗೆ ಎಳೆದು ಹೇಳಿದೆ. ಅವಳ ಮುಖ ಸುಣ್ಣವಾಯಿತು. "ಬಾಯಿಗೆ ಬೀಗ ಹಾಕ್ಕೋ. ಒಂಬತ್ತು ಇರೋದ್ರಿಂದ ಒಳ್ಳೇದೇ ಆಯ್ತು, ಕಾಲಿಚಾ ಒಪ್ತಾಳೆ. ಕೊಚ್ಕೋರ್‌ಗೆ ಹೋದ್ಮೇಲೆ ಚಳಿಗಾಲವಿಡೀ ಕೂತು ಆರಿಸ್ಕೋ."

"ಹೂಂ" ಎಂದಳು.

ಕಾಲಿಚಾ ಎತ್ತರದ, ಒಣಕಲು ಹೆಂಗಸು. ಬಿಳಿ ರುಮಾಲು ಹಣೆಗೆ ಬಿಗಿದು ಕಟ್ಟಿದ್ದಳು. ಜೊತೆಗೆ ಮೂವರು ಹೆಂಗಸರು. ನಮ್ಮ ಕಡೆಯವರು ಚಹಾ ಕೊಟ್ಟರೆ ಒಂದು ಗುಟುಕು ಕುಡಿದು ಎದ್ದಳು. ರಜಾಯಿಗಳನ್ನು ಬೆರಳಿಂದ ಮುಟ್ಟುತ್ತ ಎಣಿಸಿದಳು. "ಒಂಬತ್ತು." ದಿಂಬು. "ಒಂಬತ್ತು." ಬಟ್ಟಲು. "ಒಂಬತ್ತು." ಪ್ರತಿ ಸಲವೂ ರಾಕಿಯಾಳ ಉಸಿರು ಕೆಳಗಿಳಿಯುವುದು ಕೇಳುತ್ತಿತ್ತು. ಬೆಗಾಯಿಮ್ ಬಾಗಿಲ ಬಳಿ ತಲೆ ತಗ್ಗಿಸಿ ನಿಂತಿದ್ದಳು. ಮದುಮಗಳು ಆ ಹೊತ್ತಿನಲ್ಲಿ ಬಾಯಿ ಬಿಡಬಾರದು.

ಕಾಲಿಚಾ ಪೆಟ್ಟಿಗೆಯ ಮುಂದೆ ನಿಂತಳು. "ಇದೇನಾ ಅದು?"

ಅವಳು ಒಂದು ಖಾನೆ ಎಳೆದಳು, ಎಣಿಸಿದಳು. ಇನ್ನೊಂದು. ಮೂಲೆಯದ್ದೊಂದು, ನಡುವಿನದ್ದೊಂದು. ಸುಮಾರು ಹತ್ತು ಖಾನೆ ನೋಡಿದಳು.

"ನಂಗೆ ಗುಜರಿ ಅಂತ ಹೇಳಿದ್ರು" ಎಂದಳು. "ಗುಜರಿ ಹೀಗಿರಲ್ಲ. ಎಲ್ಲಾ ಒಂಬತ್ತಿದೆ. ಬರ್ಲಿ."

ನನಗೆ ಕುಣಿಯಬೇಕೆನ್ನಿಸಿತು. ಮುಗಿಯಿತು, ಗೆದ್ದೆವು, ಇನ್ನು ಯಾವಳೂ ಇದಕ್ಕೆ ಉಪ್ಪು ತುಂಬುವ ಹಾಗಿಲ್ಲ. ರಾಕಿಯಾಳ ಕೈ ಹಿಡಿದು ಅಮುಕಿದೆ.

"ಅಪಾ, ಇದು ಸರಿಯಿಲ್ಲ."

ಬೆಗಾಯಿಮ್‌ಳ ಧ್ವನಿ. ಅಪಾ, ಎಂದರೆ ಅಮ್ಮಾ, ಎಂದದ್ದು ಕಾಲಿಚಾಳಿಗೆ. ಕೋಣೆಯಲ್ಲಿದ್ದ ಎಲ್ಲರೂ ಬಾಗಿಲ ಕಡೆ ತಿರುಗಿದರು. ನಾನು ಅವಳನ್ನು ಕಣ್ಣಲ್ಲೇ ಗದರಿದೆ, ಪ್ರಯೋಜನವಾಗಲಿಲ್ಲ.

"ಏನು ಸರಿಯಿಲ್ಲ?" ಎಂದಳು ಕಾಲಿಚಾ. "ನಾನೇ ಎಣಿಸಿದೆ."

"ಎಣಿಕೆ ಸರಿ ಇದೆ. ಒಳಗಿರೋದು ಬೆರೆತು ಹೋಗಿದೆ. ಹೊರಗೆ ಒಂದು ಬರ್ದಿದೆ, ಒಳಗೆ ಇನ್ನೊಂದಿದೆ."

"ನಾನು ಒಪ್ಪಿದೆ ಅಂದಾಯ್ತಲ್ಲ. ಮತ್ಯಾಕೆ ಬಾಯಿ ಬಿಟ್ಟೆ?"

"ನೀವು ಎಣಿಕೆ ನೋಡಿ ಒಪ್ಪಿದ್ರಿ ಅಪಾ. ಚೀಟೀಲಿ ಇರೋದು ಸುಳ್ಳು. ನಿಮ್ಮನೇಗೆ ಮೊದಲ್ನೇ ದಿನಾನೇ ಸುಳ್ಳು ಹೊತ್ಕೊಂಡು ಬರೋಕೆ ನಂಗೆ ಇಷ್ಟ ಇಲ್ಲ." ಅವಳು ಬಾಗಿಲಿನಿಂದ ಒಂದು ಹೆಜ್ಜೆ ಮುಂದೆ ಬಂದಳು. "ಮತ್ತೆ, ಇದು ಹೀಗಿದ್ರೆ ನಂಗೆ ಉಪಯೋಗಾನೂ ಇಲ್ಲ."

ರಾಕಿಯಾ ಗೋಡೆಗೆ ಒರಗಿದಳು. ದೊಡ್ಡ ಅತ್ತಿಗೆ ಬಾಯಿಗೆ ರುಮಾಲಿನ ತುದಿ ಅಡ್ಡ ಹಿಡಿದುಕೊಂಡಳು. ತಾನು ಮಾಡಿದ್ದೇನೆಂದು ಅವಳಿಗೆ ಆಗಷ್ಟೇ ಅರ್ಥವಾದಂತಿತ್ತು.

ಕಾಲಿಚಾ ಮತ್ತೊಂದು ಖಾನೆ ಎಳೆದು ನೋಡಿದಳು. "ಸರಿ ಮಾಡಿದ್ರೆ ಒಂಬತ್ತು ಉಳಿಯುತ್ತಾ?"

"ಇಲ್ಲ. ಒಂದ್ರಲ್ಲಿ ನಲವತ್ತಾಗತ್ತೆ, ಒಂದ್ರಲ್ಲಿ ನಾಲ್ಕು."

"ನಲವತ್ತು ಯಾಕೆ?"

"ಅದು ಜಾಸ್ತಿ ಬೇಕಾಗತ್ತೆ. ಮನೇಲಿ ಉಪ್ಪು ಒಂದು ಮೂಟೆ ಇರತ್ತೆ, ಮೆಣಸು ಒಂದು ಹಿಡಿ ಇರತ್ತೆ, ಅಲ್ವಾ ಅಪಾ? ಯಾರೂ ಎರಡನ್ನೂ ಒಂಬತ್ತೊಂಬತ್ತು ಹಿಡಿ ತರಲ್ಲ."

ಕೊಚ್ಕೋರ್‌ನ ಒಬ್ಬಳು ಕಿಸಕ್ಕೆಂದು ನಕ್ಕು, ಕೂಡಲೇ ಕೆಮ್ಮಿದಳು. ಕಾಲಿಚಾ ನಗಲಿಲ್ಲ. ರಜಾಯಿಗಳ ಅಟ್ಟಿಯ ಕಡೆ ತಿರುಗಿ ನೋಡಿದಳು.

"ನನ್ನ ಸೆಪ್‌ನಲ್ಲೂ ಒಂಬತ್ತು ರಜಾಯಿ ಬಂದಿತ್ತು" ಎಂದಳು. "ಮೂವತ್ತೆರಡು ವರ್ಷ ಆಯ್ತು. ಅತಿಥಿಗಳಿಗೆ ಅಂತ ಮೂರು ತೆಗೆದಿದ್ದೀವಿ. ಮಿಕ್ಕ ಆರು ಹಾಗೇ ಇವೆ. ನಾನು ಅದನ್ನ ವರ್ಷಕ್ಕೆ ಎರಡು ಸಲ ಬಿಸಿಲಿಗೆ ಹಾಕ್ತೀನಿ, ಮಡಚಿಡ್ತೀನಿ. ಅಷ್ಟೇ ಅದರ ಉಪಯೋಗ." ಆಮೇಲೆ ಬಿಳಿಬಟ್ಟೆಯ ಮುಂದೆ ನೆಲದ ಮೇಲೆ ಕೂತು ಜೇಬಿನಿಂದ ಕನ್ನಡಕ ತೆಗೆದಳು. "ಬಾ ಇಲ್ಲಿ. ಹೇಗೆ ಓದ್ಬೇಕು ತೋರ್ಸು."

ಬೆಗಾಯಿಮ್ ಓಡಿ ಬಂದಳು. ನಾನು ಸಕ್ಕರೆ ಚೀಲ ತಂದೆ. ರೆಸಿಸ್ಟರಿನ ಖಾನೆಗಳನ್ನೆಲ್ಲ ಬಿಳಿಬಟ್ಟೆಯ ಮೇಲೆ ಸುರಿದೆವು. ಕೆಂಪು ರೆಸಿಸ್ಟರುಗಳ ರಾಶಿ. ಸಣ್ಣ ಅಕ್ಷರ ಹೇಗೆ ಓದಬೇಕೆಂದು ಬೆಗಾಯಿಮ್ ಹೇಳಿಕೊಟ್ಟಳು, ಕಾಲಿಚಾ ಎರಡೇ ನಿಮಿಷದಲ್ಲಿ ಕಲಿತಳು. ಅವಳ ಬೆರಳು ಎಷ್ಟು ಚುರುಕೆಂದರೆ ನನಗೇ ಹೊಟ್ಟೆಕಿಚ್ಚಾಯಿತು. ಕೊಚ್ಕೋರ್‌ನವರೂ ಸುತ್ತ ಕೂತರು, ನಮ್ಮ ಅತ್ತಿಗೆಯರೂ ಕೂತರು. "ಇದು ಸಾವಿರದ್ದಾ, ಹತ್ತು ಸಾವಿರದ್ದಾ?" "ಕಣ್ಣು ಇದ್ಯಾ ನಿಂಗೆ, ನೂರು ಅಂತ ಬರ್ದಿದೆ." "ನಂದು ಹನ್ನೆರಡಾಯ್ತು, ನಿಂದೆಷ್ಟು?" ಒಳಗೆ ಮಾಂಸ ತಣ್ಣಗಾಗುತ್ತಿದೆ ಎಂದು ರಾಕಿಯಾ ಎರಡು ಸಲ ಬಂದು ಹೇಳಿದಳು. ಮೂರನೆಯ ಸಲ ಬಂದವಳು ತಾನೂ ಕೂತುಬಿಟ್ಟಳು. ಇಷ್ಟು ಜನ ಒಟ್ಟಿಗೆ ನನ್ನ ಉಗ್ರಾಣದಲ್ಲಿ ಕೆಲಸ ಮಾಡಿದ್ದರೆ ಆ ಕಾರ್ಖಾನೆ ಮುಚ್ಚುತ್ತಲೇ ಇರಲಿಲ್ಲವೇನೋ.

ಒಂದು ಗಂಟೆಯೊಳಗೆ ಬಟ್ಟೆ ಖಾಲಿಯಾಯಿತು. ಹತ್ತು ಸಾವಿರದ ಖಾನೆಯಲ್ಲಿ ನಲವತ್ತು. ಅದರ ಪಕ್ಕದ್ದರಲ್ಲಿ ಐದು. ಬೆಗಾಯಿಮ್ ಎಲ್ಲ ಗುಂಡಿಗಳ ಮೇಲೂ ಒಮ್ಮೆ ಬೆರಳಾಡಿಸಿದಳು, ಕಣ್ಣು ಮುಚ್ಚಿಕೊಂಡು.

ಕಾಲಿಚಾ ಕೊನೆಯ ಖಾನೆ ಎಳೆದಳು. "ಇದ್ರಲ್ಲಿ ದ್ರಾಕ್ಷಿ ಇದೆ. ಇದಕ್ಕೂ ಬೆಲೆ ಬರ್ದಿದ್ಯಾ?"

ಎಲ್ಲರೂ ನಕ್ಕರು. "ಅದು ಖಾಲಿ ಇರ್ಬೇಕಿತ್ತು ಅಪಾ" ಎಂದಳು ಬೆಗಾಯಿಮ್. "ಇನ್ನೂ ಏನು ಬೇಕಾಗತ್ತೆ ಅಂತ ಗೊತ್ತಿಲ್ಲದೇ ಇರೋದಕ್ಕೆ. ಬುರುಲ್ ಏಜೆನೇ ಹಾಗೆ ಖಾಲಿ ಬಿಡಿಸಿದ್ದು."

ನಗು ನಿಂತಿತು. ಒಂಬತ್ತನ್ನು ಬಿಟ್ಟುಕೊಟ್ಟಿದ್ದ ಕಾಲಿಚಾ ಇದನ್ನೂ ಬಿಟ್ಟುಕೊಡುತ್ತಾಳೆಂದು ಯಾರಿಗೂ ಅನ್ನಿಸಲಿಲ್ಲ. ನಮ್ಮಲ್ಲಿ ಪಕ್ಕದ ಮನೆಗೆ ಬಟ್ಟಲು ಹಿಂದಿರುಗಿಸುವಾಗಲೂ ನಾಲ್ಕು ಕಾಳು ಸಕ್ಕರೆಯನ್ನಾದರೂ ಹಾಕಿಯೇ ಕೊಡುವುದು. ಸೊಸೆ ಖಾಲಿ ಪೆಟ್ಟಿಗೆ ಹಿಡಿದು ಹೊಸಿಲು ದಾಟುವುದೆಂದರೆ ಏನು.

ಕಾಲಿಚಾ ದ್ರಾಕ್ಷಿಗಳನ್ನು ಅಂಗೈಗೆ ಸುರಿದುಕೊಂಡಳು. ಒಂದನ್ನು ತನ್ನ ಬಾಯಿಗೆ ಹಾಕಿಕೊಂಡಳು. ಸುತ್ತ ಕೂತವರಿಗೆ ಒಂದೊಂದು ಕೊಟ್ಟಳು, ಕೊನೆಯದನ್ನು ನನ್ನ ಕೈಗೆ ಹಾಕಿದಳು. ಖಾನೆಯೊಳಗೆ ಉಫ್ ಎಂದು ಊದಿ ಧೂಳು ತೆಗೆದಳು. ಹೆಬ್ಬೆರಳಿನಿಂದ ಒತ್ತಿ, ಖಾಲಿಯಾಗಿಯೇ, ಒಳಗೆ ತಳ್ಳಿದಳು.

"ಖಾಲಿನೇ ಬರ್ಲಿ" ಎಂದಳು. "ಇದಕ್ಕೆ ಹಾಕೋದು ಅವಳೇ ಅಲ್ಲಿ ಹುಡುಕ್ಕೊಳ್ಲಿ."

ಆಮೇಲೆ ತನ್ನ ಕಡೆಯವರಿಗೆ, "ರಜಾಯಿ ಎಲ್ಲಾ ಡಿಕ್ಕೀಗೆ ಹಾಕಿ. ಇದನ್ನ ನಾನು ತೊಡೆ ಮೇಲೆ ಇಟ್ಕೋತೀನಿ, ದಾರಿ ಸರಿಯಿಲ್ಲ" ಎಂದಳು.

ಬೆಗಾಯಿಮ್ ನನ್ನ ಕಡೆ ತಿರುಗಿ ನೋಡಿದಳು. ನನಗೆ ಆ ಉಪ್ಪಿನ ಡಬ್ಬಿ ಕಣ್ಣ ಮುಂದೆ ಬಂದಿತ್ತು, ದ್ರಾಕ್ಷಿ ಇನ್ನೂ ಬಾಯಲ್ಲೇ ಇತ್ತು, ಎಲ್ಲರ ಮುಂದೆ ನಾಚಿಕೆಯಿಲ್ಲದೆ ಅತ್ತುಬಿಟ್ಟೆ.